ನಿಮಗಿದು ಗೊತ್ತೇ? ಭಾಗವತರು ಹೋದ ಮೇಲಿನ ಹಾಡು

ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆಗಾಲ ಹತ್ತಿರವಾದರೆ ಅಂಕೋಲಾ, ಕಾರವಾರದ ಚಹಾದಂಗಡಿಗಳಲ್ಲಿ ಒಂದೇ ಚರ್ಚೆ: ಬರುವ ವರ್ಷ ಆ ಮೇಳಕ್ಕೆ ಭಾಗವತರು ಯಾರು? ಯಾರು ಮೇಳ ಬಿಟ್ಟರು, ಯಾರನ್ನು ಎಲ್ಲಿಂದ ಕರೆತಂದರು, ಹೊಸಬರ ಶಾರೀರ ಹೇಗಿದೆ ಎಂಬ ಲೆಕ್ಕಾಚಾರದಲ್ಲಿ ನಮ್ಮವರು ನಿಸ್ಸೀಮರು. ರಾಕ್ ಬ್ಯಾಂಡುಗಳ ಅಭಿಮಾನಿಗಳಿಗೂ ಇದೇ ಚಟ. ಹಾಡುವವನು ಹೋದ, ಡ್ರಮ್ಸ್ ಬಾರಿಸುವವನು ಹೋದ. ಆಮೇಲೆ ಬಂದ ಆಲ್ಬಂ ಹೇಗಿತ್ತು? ಈ ಸಲದ ಕಂತು ಹೆಚ್ಚಾಗಿ ಅದರದ್ದೇ.

● ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಬ್ಯಾಂಡಿಗೂ ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಯಾವ ಸಂಬಂಧವೂ ಇಲ್ಲ. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ತಂಡ ಇದು. ಮೂವರು ಮಲಯಾಳಿಗಳು, ನಾಲ್ಕನೆಯವರಾದ ಗಿಟಾರಿಸ್ಟ್ ಬ್ರೂಸ್ ಲೀ ಮಣಿ ಕಾಲು ಭಾಗ ಮಾತ್ರ ಮಲಯಾಳಿ. ‘ತ್ರೀ ಮಲ್ ಆ್ಯಂಡ್ ಎ ಕ್ವಾರ್ಟರ್’ ಎಂದು ತಮಾಷೆಗೆ ಹೇಳಿಕೊಂಡದ್ದೇ ಹೆಸರಾಯಿತು. ಅಂದರೆ ತಂಡದಲ್ಲಿ ಯಾರ‍್ಯಾರಿದ್ದಾರೆ ಎಂಬ ಹಾಜರಿ ಪಟ್ಟಿಯನ್ನೇ ಹೆಸರು ಮಾಡಿಕೊಂಡವರು ಇವರು. ಆಮೇಲೆ ಒಬ್ಬರು ಬಿಟ್ಟು ಮೂವರೇ ಉಳಿದರು, ಮತ್ತೊಬ್ಬರು ಬದಲಾದರು, ಲೆಕ್ಕ ಪೂರ್ತಿ ತಪ್ಪಿತು. ಹೆಸರು ಮಾತ್ರ ಅದೇ.

● ಇದೇ ತಂಡ 2005ರಲ್ಲಿ ‘ಪ್ಲಾನ್ ಬಿ’ ಆಲ್ಬಮ್ಮನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚಿತು. ಆಗಿನ್ನೂ ನಮ್ಮ ಕಡೆ ಒಂದು ಹಾಡು ಇಳಿಸಿಕೊಳ್ಳಬೇಕಾದರೆ ಸೈಬರ್ ಕೆಫೆಯಲ್ಲಿ ಕೂತು ಕಾಯಬೇಕಿತ್ತು ಎಂಬುದನ್ನು ನೆನಪಿಟ್ಟುಕೊಂಡು ಓದಿ.

● ತಂಡಕ್ಕೆ ಹೊಸಬರು ಬಂದರೆ ಮೊದಲು ನಾಲ್ಕು ಕಾರ್ಯಕ್ರಮ ಕೊಟ್ಟು, ಒಂದು ಸಣ್ಣ ರೆಕಾರ್ಡಿಂಗ್ ಮಾಡಿ ನೋಡೋಣ ಎನ್ನುವುದು ಲೋಕರೂಢಿ. ಬೇಸ್ ಗಿಟಾರ್ ನುಡಿಸುತ್ತಿದ್ದ ರೂಡ್ ಡೇವಿಡ್ ಹೋಗಿ ಪ್ರಕಾಶ್ ಬಂದ ಮೇಲೆ ಥರ್ಮಲ್‌ನವರು ಮಾಡಿದ್ದು ಅದರ ತಿರುವುಮುರುವು. 2012ರಲ್ಲಿ ಅವರು ಹೊರತಂದ ‘ತ್ರೀ ವೀಲ್ಸ್ ನೈನ್ ಲೈವ್ಸ್’ ಒಂದಲ್ಲ, ಮೂರು ಡಿಸ್ಕಿನ ಆಲ್ಬಂ. ಮೂರು ಗಾಲಿ ಯಾವುದರದ್ದು? ಬೆಂಗಳೂರಿನ ಆಟೋರಿಕ್ಷಾದ್ದು. ತಂಡದಲ್ಲೂ ಆಗ ಮೂವರೇ. ಬೇಸ್ ಬದಲಾದರೆ ಕೇಳುಗರಿಗೆ ಥಟ್ಟನೆ ಗೊತ್ತಾಗುವುದಿಲ್ಲ, ಡ್ರಮ್ಸ್ ನುಡಿಸುವವರಿಗೆ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ. ಮದ್ದಲೆ ಬದಲಾದಾಗ ಚಂಡೆಯವರ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

● ರಘು ದೀಕ್ಷಿತ್ ಹೆಸರು ಎಲ್ಲರಿಗೂ ಗೊತ್ತು. ಅವರ ತಂಡದ ಹೆಸರಿನ ಕೊನೆಯಲ್ಲಿ ‘ಪ್ರಾಜೆಕ್ಟ್’ ಯಾಕಿದೆ ಗೊತ್ತೇ? ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಎಂಎಸ್ಸಿಯಲ್ಲಿ ಚಿನ್ನದ ಪದಕ ಪಡೆದು, ಭರತನಾಟ್ಯದಲ್ಲಿ ವಿದ್ವತ್ ಮುಗಿಸಿದ ಈ ಮನುಷ್ಯ ಮೊದಲು ಕಟ್ಟಿದ್ದು ‘ಅಂತರಾಗ್ನಿ’ ಎಂಬ ತಂಡ. ಕಾಲೇಜು ಉತ್ಸವಗಳಲ್ಲಿ ಒಳ್ಳೆಯ ಹೆಸರಿತ್ತು. 2005ರಲ್ಲಿ ಅದು ಒಡೆಯಿತು. ಇನ್ನೊಂದು ಬ್ಯಾಂಡ್ ಕಟ್ಟಿದರೆ ಅದೂ ಒಡೆಯುವುದಿಲ್ಲ ಎಂಬ ಖಾತ್ರಿ ಏನು? ಈ ಸಲ ಬಾಗಿಲು ತೆರೆದೇ ಇರುವ ಮನೆ ಕಟ್ಟಿದರು: ಯಾವ ಸಂಗೀತದವರಾದರೂ ಬರಬಹುದು, ನುಡಿಸಬಹುದು, ಹೋಗಬಹುದು. ಬದಲಾವಣೆಯನ್ನು ಅಪಘಾತ ಎನ್ನದೆ ನಿಯಮವನ್ನಾಗಿಯೇ ಮಾಡಿಕೊಂಡದ್ದು ಇಲ್ಲಿಯ ಜಾಣತನ. ಬೇಸ್ ಹಿಡಿದ ಗೌರವ್ ವಾಜ್, ಪಿಟೀಲಿನ ಎಚ್.ಎನ್. ಭಾಸ್ಕರ್ ಮೊದಲಾದವರು ಕೂಡಿಕೊಂಡರು. ಹಾಗೆ ಬಂದ ಮೊದಲ ಆಲ್ಬಂ 2008ರದ್ದು. ಹೊರತಂದವರು ಹಿಂದಿ ಸಿನಿಮಾ ಸಂಗೀತದ ವಿಶಾಲ್–ಶೇಖರ್, ತಮ್ಮದೇ ‘ಕೌಂಟರ್ ಕಲ್ಚರ್’ ಕಂಪನಿಯಿಂದ. ಅದರಲ್ಲಿ ‘ಐಯಾಮ್ ಇನ್ ಮುಂಬೈ ವೇಟಿಂಗ್ ಫಾರ್ ಎ ಮಿರಾಕಲ್’ ಎಂಬ ಹಾಡಿದೆ, ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿದ್ದೇನೆ ಎಂದು. ಪವಾಡ ನಡೆದೇಬಿಟ್ಟಿತು: 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಇವರಿಗೆ ಅತ್ಯುತ್ತಮ ಹೊಸಬರ ಪ್ರಶಸ್ತಿ ಕೊಟ್ಟಿತು.

● ಆ ಆಲ್ಬಮ್ಮಿನ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’ ಶಿಶುನಾಳ ಷರೀಫರದ್ದು. ಷರೀಫರು ತೀರಿಕೊಂಡದ್ದು 1889ರಲ್ಲಿ. ಅಂಕೋಲೆಯಿಂದ ಯಲ್ಲಾಪುರ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದರೆ ಶಿಶುನಾಳ ಅಲ್ಲಿಂದ ದೂರವೇನಲ್ಲ. ಅಲ್ಲಿಯ ತತ್ತ್ವಪದ ಗಿಟಾರಿನ ಹೆಗಲೇರಿ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋಗಿ ಬಂತು. ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂದದ್ದು 2013ರಲ್ಲಿ, ಐದು ವರ್ಷ ಬಿಟ್ಟು.

● ರಘು ಅವರ ತಮ್ಮ ವಾಸು ದೀಕ್ಷಿತ್ ಅವರದು ‘ಸ್ವರಾತ್ಮ’. 2002ರಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ನಡುವಿನ ಏಳು ವರ್ಷಗಳಲ್ಲಿ ಹಳಬರು ಹೋದರು, ಹೊಸಬರು ಬಂದರು. ವೇದಿಕೆಯಲ್ಲಿ ವಾಸು ಸೊಂಟಕ್ಕೊಂದು ಕುದುರೆ ಕಟ್ಟಿಕೊಂಡು ಕುಣಿಯುತ್ತಿದ್ದರು. ನಗರದವರಿಗೆ ಅದು ಹೊಸ ವೇಷ. ಜಾತ್ರೆಯಲ್ಲಿ ಕೀಲುಕುದುರೆ ನೋಡಿ ಬೆಳೆದವರಿಗೆ ಹಳೆಯ ನೆಂಟ.

● ಒಬ್ಬ ಹೋದರೆ ಆ ಜಾಗಕ್ಕೆ ಒಬ್ಬ ಸಾಕೇ? ದೆಹಲಿಯ ‘ಇಂಡಿಯನ್ ಓಷನ್’ ತಂಡಕ್ಕೆ ಸಾಲಲಿಲ್ಲ. ಅಶೀಮ್ ಚಕ್ರವರ್ತಿ ನೆಲದ ಮೇಲೆ ಕೂತು ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ಎರಡೂ ಕೆಲಸ ಒಂದೇ ಉಸಿರಿನಲ್ಲಿ. 2009ರ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ತಾಳಕ್ಕೆ ತುಹಿನ್ ಚಕ್ರವರ್ತಿ, ಹಾಡಿಗೆ ಹಿಮಾಂಶು ಜೋಶಿ, ಹೀಗೆ ಇಬ್ಬರು ಬರಬೇಕಾಯಿತು. ಮರುವರ್ಷ ಹೊರಬಂದ ಆಲ್ಬಮ್ಮಿನಲ್ಲಿ ಅಶೀಮರ ದನಿ ಇದೆ. ಅವರಿದ್ದಾಗಲೇ ಧ್ವನಿಮುದ್ರಣವಾಗಿದ್ದ ಹಾಡುಗಳವು. ಆಲ್ಬಮ್ಮಿನ ಹೆಸರು ‘16/330 ಖಜೂರ್ ರೋಡ್’. ಅದೊಂದು ಮನೆ ನಂಬರು. ಕರೋಲ್ ಬಾಗಿನಲ್ಲಿ ತಂಡ ವರ್ಷಗಟ್ಟಲೆ ತಾಲೀಮು ನಡೆಸಿದ ಹಳೆಯ ಬಂಗಲೆಯದ್ದು. ಹಾಡುಗಳನ್ನು ಒಂದೊಂದಾಗಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟರು. ಗಿಟಾರಿನ ಸುಸ್ಮಿತ್ ಸೇನ್ 2013ರಲ್ಲಿ ಹೊರಟರು, ನಿಖಿಲ್ ರಾವ್ ಬಂದರು. 2014ರ ‘ತಂದಾನು’ವಿನಲ್ಲಿ ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ ಭಟ್ಟರಂಥ ಅತಿಥಿಗಳ ದಂಡೇ ಇದೆ. ಮನೆಯವರು ಕಡಿಮೆಯಾದಾಗ ನೆಂಟರನ್ನು ಕರೆಯುವುದೂ ಒಂದು ಉಪಾಯ. ಆದರೂ ನನ್ನ ಕಿವಿಗೆ ಖಜೂರ್ ರೋಡಿನ ಮನೆಯೇ ಹೆಚ್ಚು ತುಂಬಿದಂತೆ ಕೇಳುತ್ತದೆ.

● ಬಡಗುತಿಟ್ಟಿನ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಸಾಲಿಗ್ರಾಮ ಮೇಳದ ಆಟ ನಿಲ್ಲಲಿಲ್ಲ, ಬೇರೆ ಭಾಗವತರು ಜಾಗಟೆ ಹಿಡಿದರು. ಆದರೆ ಇತ್ತ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಗಳಲ್ಲಿ ನಾವಡರು ಮುಂದೆಯೂ ವರ್ಷಗಟ್ಟಲೆ ಹಾಡುತ್ತಲೇ ಇದ್ದರು. ಹೊಸ ಭಾಗವತರು ಪೈಪೋಟಿ ನಡೆಸಬೇಕಾದದ್ದು ಬೇರೆ ಮೇಳದವರ ಜೊತೆಗಲ್ಲ, ತಮ್ಮದೇ ಮೇಳದ ಕ್ಯಾಸೆಟ್ಟಿನ ಜೊತೆಗೆ.

● ಈ ಕಷ್ಟವನ್ನು ಎಸಿ/ಡಿಸಿ ತಂಡದ ಬ್ರಯಾನ್ ಜಾನ್ಸನ್‌ರಷ್ಟು ಉಂಡವರು ಕಡಿಮೆ. ಗಾಯಕ ಬಾನ್ ಸ್ಕಾಟ್ 1980ರ ಫೆಬ್ರುವರಿ 19ರಂದು ಲಂಡನ್ನಿನಲ್ಲಿ ತೀರಿಕೊಂಡರು. ಹೊಸ ಗಾಯಕನೊಂದಿಗೆ ‘ಬ್ಯಾಕ್ ಇನ್ ಬ್ಲ್ಯಾಕ್’ ಅಂಗಡಿಗೆ ಬಂದದ್ದು ಅದೇ ಜುಲೈ 25ಕ್ಕೆ. ಸರಿಯಾಗಿ ಐದು ತಿಂಗಳ ಮೇಲೆ ಆರು ದಿನ! ಇಷ್ಟರಲ್ಲಿ ಗಾಯಕನನ್ನು ಹುಡುಕಿದ್ದು, ಬಹಾಮಾಸ್ ದ್ವೀಪಕ್ಕೆ ಹೋಗಿ ಹಾಡು ಬರೆದು ಮುದ್ರಿಸಿದ್ದು ಎಲ್ಲ ಮುಗಿದಿತ್ತು. ಜಾನ್ಸನ್ ಆಗ ನ್ಯೂಕಾಸಲ್ ಊರಿನಲ್ಲಿ ಕಾರುಗಳ ಚಾವಣಿಗೆ ವಿನೈಲ್ ಹೊದಿಸುವ ಕೆಲಸ ಮಾಡಿಕೊಂಡಿದ್ದವರು. ಅವರನ್ನು ಬಹಳ ಹಿಂದೆಯೇ ವೇದಿಕೆಯ ಮೇಲೆ ನೋಡಿ ಮೆಚ್ಚಿ, ಗೆಳೆಯರ ಹತ್ತಿರ ಹೊಗಳಿದ್ದವರು ಯಾರು? ಬಾನ್ ಸ್ಕಾಟ್ ಅವರೇ.

● ಆ ಆಲ್ಬಂ ಒಂದು ಗಂಟೆಯ ಸದ್ದಿನಿಂದ ಶುರುವಾಗುತ್ತದೆ. ಅದನ್ನು ಹಿಡಿಯಲು ಇಂಗ್ಲೆಂಡಿನ ಲಫ್‌ಬರೋ ಊರಿನ ಗಂಟೆಗೋಪುರಕ್ಕೆ ಹೋದರೆ, ಒಂದೊಂದು ಪೆಟ್ಟಿಗೂ ಒಳಗಿದ್ದ ಹಕ್ಕಿಗಳು ಪಟಪಟನೆ ಹಾರಿ ರೆಕಾರ್ಡಿಂಗ್ ಕೆಟ್ಟಿತು. ಕೊನೆಗೆ ತಂಡಕ್ಕೆಂದೇ ಎರಕ ಹೊಯ್ದ ಸುಮಾರು ಒಂದು ಟನ್ನಿನ ಗಂಟೆಯನ್ನು ಕಾರ್ಖಾನೆಯಲ್ಲೇ ಬಡಿದು ಮುದ್ರಿಸಿಕೊಂಡರು. ಹೊದಿಕೆ ಪೂರ್ತಿ ಕಪ್ಪು, ಸತ್ತವನ ಶೋಕಕ್ಕೆ. ಒಳಗಿನ ಹಾಡುಗಳಲ್ಲಿ ಮಾತ್ರ ಶೋಕದ ಸುಳಿವೇ ಇಲ್ಲ, ಎಲ್ಲ ಗುದ್ದಾಟ. ಸುಮಾರು ಐದು ಕೋಟಿ ಪ್ರತಿ ಮಾರಾಟವಾಗಿದೆ ಎಂಬ ಅಂದಾಜಿದೆ.

● ಹೊರಗಿನಿಂದ ತರದೆ ಒಳಗಿನವರನ್ನೇ ಎಬ್ಬಿಸಿ ನಿಲ್ಲಿಸಿದವರೂ ಇದ್ದಾರೆ. ‘ಜೆನೆಸಿಸ್’ ತಂಡದಿಂದ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರಟಾಗ ತಂಡದವರು ಸಾಲುಸಾಲು ಗಾಯಕರನ್ನು ಕರೆಸಿ ಪರೀಕ್ಷಿಸಿದರು. ಯಾರೂ ಹೊಂದಲಿಲ್ಲ. ಬಂದವರಿಗೆಲ್ಲ ಹಾಡು ಹೇಳಿಕೊಟ್ಟು ಹೇಳಿಕೊಟ್ಟು ಡ್ರಮ್ಸ್‌ನ ಫಿಲ್ ಕಾಲಿನ್ಸ್ ತಾವೇ ಹಾಡಿಬಿಟ್ಟರು. 1976ರ ‘ಎ ಟ್ರಿಕ್ ಆಫ್ ದಿ ಟೇಲ್’ ಹಿಂದಿನ ಆಲ್ಬಂಗಳಿಗಿಂತ ಚೆನ್ನಾಗಿಯೇ ಓಡಿತು. ಮದ್ದಲೆಯವರು ಎದ್ದು ಪದ ಹೇಳಿದ ಹಾಗೆ!

● ಆಮೇಲೆ ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್ ಕೂಡ ಬಿಟ್ಟರು. 1978ರ ಆಲ್ಬಮ್ಮಿಗೆ ಅವರಿಟ್ಟ ಹೆಸರು ‘ಆ್ಯಂಡ್ ದೆನ್ ದೇರ್ ವರ್ ತ್ರೀ’. ಕೊನೆಗೆ ಉಳಿದವರು ಮೂವರು ಎಂಬ ಪ್ರಕಟಣೆ ಹೊದಿಕೆಯ ಮೇಲೇ ಆಯಿತು.

● ‘ಡೀಪ್ ಪರ್ಪಲ್’ ತಂಡದಲ್ಲಿ ಜನ ಎಷ್ಟು ಸಲ ಬದಲಾದರೆಂದರೆ ಅಭಿಮಾನಿಗಳು ಅವಕ್ಕೆ ನಂಬರು ಕೊಟ್ಟರು: ಮಾರ್ಕ್ ಒಂದು, ಎರಡು, ಮೂರು… ಹೆಚ್ಚಿನವರಿಗೆ ಪ್ರಿಯವಾದದ್ದು 1969ರ ಮಾರ್ಕ್ ಎರಡು. 1974ರ ‘ಬರ್ನ್’ ಮಾರ್ಕ್ ಮೂರರದ್ದು. ಅದರ ಗಾಯಕ ಡೇವಿಡ್ ಕವರ್‌ಡೇಲ್ ಅಲ್ಲಿಯವರೆಗೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು.

● ಒಬ್ಬನನ್ನು ಕರೆದರೆ ಇಬ್ಬರು ಬಂದ ಕಥೆಯೂ ಇದೆ. 1974ರ ಕೊನೆಯಲ್ಲಿ ಮಿಕ್ ಫ್ಲೀಟ್‌ವುಡ್‌ಗೆ ಬೇಕಿದ್ದದ್ದು ಒಬ್ಬ ಗಿಟಾರಿಸ್ಟ್. ಲಿಂಡ್ಸೆ ಬಕಿಂಗ್‌ಹ್ಯಾಮ್ ಷರತ್ತು ಹಾಕಿದರು: ಬಂದರೆ ನನ್ನ ಗೆಳತಿಯೂ ಬರಬೇಕು. ಆ ಗೆಳತಿ ಸ್ಟೀವಿ ನಿಕ್ಸ್. ‘ಫ್ಲೀಟ್‌ವುಡ್ ಮ್ಯಾಕ್’ ತಂಡದ 1977ರ ‘ರೂಮರ್ಸ್’ ನಾಲ್ಕು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅಷ್ಟರಲ್ಲಿ ಅವರಿಬ್ಬರ ಸಂಬಂಧವೇ ಮುರಿದಿತ್ತು, ಒಬ್ಬರ ಮೇಲೊಬ್ಬರು ಬರೆದ ಹಾಡನ್ನು ಇಬ್ಬರೂ ಕೂಡಿಯೇ ಹಾಡಿದರು!

● ‘ಪಿಂಕ್ ಫ್ಲಾಯ್ಡ್’ ತಂಡದವರು 1968ರ ಜನವರಿಯಲ್ಲಿ ಕಾರ್ಯಕ್ರಮಕ್ಕೆ ಹೊರಟಿದ್ದರು. ದಾರಿಯಲ್ಲಿ ಸಿಡ್ ಬ್ಯಾರೆಟ್‌ನನ್ನು ಹತ್ತಿಸಿಕೊಳ್ಳೋಣವೇ ಎಂದು ಒಬ್ಬರು ಕೇಳಿದರು, ಬೇಡ ಬಿಡು ಎಂದರು ಇನ್ನೊಬ್ಬರು. ತಂಡ ಕಟ್ಟಿದವನನ್ನು ಕೈಬಿಟ್ಟ ಬಗೆ ಅಷ್ಟೇ. ಏಳು ವರ್ಷದ ಮೇಲೆ, 1975ರ ಜೂನ್ 5ರಂದು, ಅವನ ನೆನಪಿನಲ್ಲೇ ‘ವಿಶ್ ಯು ವರ್ ಹಿಯರ್’ ಆಲ್ಬಂ ಸಿದ್ಧವಾಗುತ್ತಿದ್ದ ಸ್ಟುಡಿಯೋಕ್ಕೆ ತಲೆ, ಹುಬ್ಬು ಬೋಳಿಸಿಕೊಂಡ ದಪ್ಪನೆಯ ಮನುಷ್ಯನೊಬ್ಬ ಬಂದು ನಿಂತ. ಯಾರೆಂದು ತಂಡದವರಿಗೆ ಗುರುತೇ ಸಿಗಲಿಲ್ಲ. ಸಿಡ್ ಬ್ಯಾರೆಟ್!

● 2011ರ ಅಕ್ಟೋಬರ್ 30. ಬೆಂಗಳೂರು ಅರಮನೆ ಮೈದಾನದಲ್ಲಿ ‘ಮೆಟಾಲಿಕಾ’. ಎರಡು ದಿನ ಮೊದಲು ದೆಹಲಿ ಪಕ್ಕದ ಗುರಗಾಂವದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿದ್ದರಿಂದ ಭಾರತದಲ್ಲಿ ಅವರನ್ನು ಮೊದಲು ಕೇಳಿದ ಭಾಗ್ಯ ಕರ್ನಾಟಕದ್ದಾಯಿತು. ಈ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ಸು ಪಲ್ಟಿಯಾಗಿ ಸತ್ತರು. ಮಲಗುವ ಜಾಗಕ್ಕಾಗಿ ಆ ರಾತ್ರಿ ಇಸ್ಪೀಟೆಲೆ ಎತ್ತಿದ್ದರಂತೆ. ಗೆದ್ದ ಕ್ಲಿಫ್, ಕರ್ಕ್ ಹ್ಯಾಮೆಟ್ ಮಲಗುತ್ತಿದ್ದ ಜಾಗ ಆರಿಸಿಕೊಂಡಿದ್ದರು. ತಂಡದಲ್ಲಿ ಕ್ಲಿಫ್ ಜಾಗಕ್ಕೆ ಬಂದವರು ಜೇಸನ್ ನ್ಯೂಸ್ಟೆಡ್. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ಮನ್ನು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ: ಎಡಕ್ಕೂ ಬಲಕ್ಕೂ ಗಿಟಾರು ಗರಗಸದಂತೆ ಕೊಯ್ಯುತ್ತದೆ, ಡ್ರಮ್ಸ್ ಕಟಕಟ ಹೊಡೆಯುತ್ತದೆ, ಕೆಳಗಿನ ಬೇಸ್ ಇರಬೇಕಾದ ಕಡೆ ಬರೀ ಟೊಳ್ಳು. ಜೇಸನ್ ನುಡಿಸಿದ್ದರು, ಮಿಕ್ಸಿಂಗ್‌ನಲ್ಲಿ ಅದನ್ನು ಅದುಮಿಬಿಟ್ಟರು. ಹೊಸಬನನ್ನು ತಂಡಕ್ಕೆ ಸೇರಿಸಿಕೊಂಡೂ ಕೇಳಿಸಗೊಡದೆ ಇಟ್ಟ ಅಪರೂಪದ ಉದಾಹರಣೆ ಇದು. ಸತ್ತವನ ಜಾಗ ಖಾಲಿಯೇ ಇರಲಿ ಎಂಬ ಹಟವೋ, ಹೊಸಬನ ಮೇಲಿನ ಸಿಟ್ಟೋ, ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ಸಿಟ್ಟಿನ ಕಡೆಗೇ ನನ್ನ ಓಟು.

● ಅದೇ ಅರಮನೆ ಮೈದಾನಕ್ಕೆ 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ಬಂದಿತ್ತು. ಅವರ ಗಾಯಕ ಬ್ರೂಸ್ ಡಿಕಿನ್ಸನ್ 1981ರಲ್ಲಿ ತಂಡ ಸೇರಿದವರು. ಮರುವರ್ಷದ ‘ದಿ ನಂಬರ್ ಆಫ್ ದಿ ಬೀಸ್ಟ್’ ಅವರ ಮೊದಲ ಆಲ್ಬಂ. ಇವರು ವಿಮಾನದ ಪೈಲಟ್ ಕೂಡ. ತಂಡವನ್ನು ತಾವೇ ಹಾರಿಸಿಕೊಂಡು ಊರೂರು ಸುತ್ತಿದ್ದಾರೆ.

● ಕಾರವಾರದಲ್ಲೊಂದು ‘ರಾಕ್ ಗಾರ್ಡನ್’ ಇದೆ, 2018ರಲ್ಲಿ ತೆರೆದದ್ದು. ಗಿಟಾರು ಹುಡುಕಿಕೊಂಡು ಹೋಗಬೇಡಿ, ಅಲ್ಲಿರುವುದು ಹಾಲಕ್ಕಿಗಳೇ ಮೊದಲಾದ ಜಿಲ್ಲೆಯ ಸಮುದಾಯಗಳ ಬದುಕಿನ ಶಿಲ್ಪಗಳು.

● ಕಾರವಾರದಲ್ಲಿ ಬ್ಯಾಂಡುಗಳು ಬಂದು ನುಡಿಸುವ ಮಯೂರವರ್ಮ ವೇದಿಕೆ ಇರುವುದು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಟ್ಯಾಗೋರ್ ಬಂದಿದ್ದು ಇಪ್ಪತ್ತೆರಡರ ಹರೆಯದಲ್ಲಿ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲೇ. ಹೊರಗಿನಿಂದ ಬರುವ ಗಿಟಾರಿಸ್ಟರಿಗೊಂದು ಕಿವಿಮಾತು: ನಮ್ಮ ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಆಟ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿಡಿ.

● ಇನ್ನು ನಮ್ಮೂರಲ್ಲಿ ಹುಡುಗರ ಬ್ಯಾಂಡು ಯಾಕೆ ಬಾಳುವುದಿಲ್ಲ ಎಂದು ಕೇಳುವವರಿಗೆ: ಸೀಬರ್ಡ್ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ ಎರಡೂ ವರ್ಗಾವಣೆಯ ಜಾಗಗಳು. ಅಪ್ಪನಿಗೆ ಆರ್ಡರ್ ಬಂದರೆ ಮಗನ ಡ್ರಮ್ಸೂ ಲಾರಿ ಹತ್ತಿತು.

● ಅಂಕೋಲೆಯ ಗುಮಟೆ ಪಾಂಗಿನಲ್ಲಿ ಬದಲಾದದ್ದು ಜನ ಅಲ್ಲ, ಚರ್ಮ. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ ಬಿಗಿದು ಬಲಗೈಯಲ್ಲಿ ನುಡಿಸುತ್ತಾರೆ, ಸಣ್ಣ ಬಾಯನ್ನು ಎಡ ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಬಾಗಿಸುತ್ತಾರೆ. ಹಿಂದೆ ಬಿಗಿಯುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಈಗ ಆಡಿನ ಚರ್ಮ. ಗೋವಾ ಸರ್ಕಾರ 2019ರಲ್ಲಿ ಇದೇ ವಾದ್ಯವನ್ನು ತನ್ನ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿಕೊಂಡಿತು. ಗಡಿಯ ಈಚೆಗೂ ಅಷ್ಟೇ ಹಳೆಯ ಗುಮಟೆ ಇದೆ ಎಂದು ನಾವೂ ಒಮ್ಮೆ ಕೂಗಿ ಹೇಳಬಹುದಿತ್ತು.

● ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಓದು ಬರಹ ಬರುತ್ತಿರಲಿಲ್ಲ. ಸಾವಿರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಒಬ್ಬರು ಎತ್ತಿ ಹಾಡಿದ್ದನ್ನು ಉಳಿದ ಹೆಂಗಸರು ಹಿಡಿದು ಮುಂದೆ ಒಯ್ಯುವ ಪದ್ಧತಿ ಅಲ್ಲಿಯದು. ಎತ್ತಿ ಹಾಡುತ್ತಿದ್ದವರು ಸುಕ್ರಜ್ಜಿ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ತೀರಿಕೊಂಡರು. ಜೊತೆಗೆ ಹಾಡಿದವರು, ಅವರಿಂದ ಕಲಿತವರು ಊರಲ್ಲಿದ್ದಾರೆ. ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿ ಬೀದಿಗಿಳಿದವರೂ ಸುಕ್ರಜ್ಜಿಯೇ.

● ಹೊನ್ನಾವರ ಕಡೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ, ಹೀಗೆ ಮೂರು ತಲೆಮಾರು ಕಳೆದರೂ ಹೆಸರು ಬದಲಾಗಿಲ್ಲ. ರೋಲಿಂಗ್ ಸ್ಟೋನ್ಸ್ ತಂಡ ಹುಟ್ಟಿದ್ದು 1962ರಲ್ಲಿ, ಅಂದರೆ ಇಡಗುಂಜಿಗಿಂತ ಇಪ್ಪತ್ತೆಂಟು ವರ್ಷ ಚಿಕ್ಕದು.

● ಬೆಂಗಳೂರಿನ ಹೆವಿ ಮೆಟಲ್ ತಂಡ ‘ಕ್ರಿಪ್ಟೋಸ್’ ಶುರುವಾದದ್ದು 1998ರಲ್ಲಿ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಹೊಲಗಳ ನಡುವಿನ ಸಣ್ಣ ಹಳ್ಳಿ ಅದು, ವರ್ಷಕ್ಕೊಮ್ಮೆ ಲೋಕದ ಮೆಟಲ್ ಮಂದಿಗೆಲ್ಲ ಜಾತ್ರೆ.

● ಆಳು ಬಿಟ್ಟು ಹೋಗುವ ಚಿಂತೆಯೇ ಬೇಡ ಎಂದುಕೊಂಡವರು ಯಾರಾದರೂ ಇದ್ದಾರೆಯೇ? ಮಾಜಾಳಿ ಗಡಿ ದಾಟಿದರೆ ಸಿಗುತ್ತಾರೆ. ಗೋವಾದ ಸಿಯೋಲಿಮ್ ಊರಿನ ರೆಮೊ ಫರ್ನಾಂಡಿಸ್ 1984ರ ‘ಗೋವನ್ ಕ್ರೇಜಿ’ ಆಲ್ಬಮ್ಮನ್ನು ಮನೆಯಲ್ಲೇ ಕೂತು ಮುದ್ರಿಸಿದರು. ಹಾಡು ಬರೆದದ್ದು, ಹಾಡಿದ್ದು, ಅಷ್ಟೂ ವಾದ್ಯ ನುಡಿಸಿದ್ದು ಒಬ್ಬರೇ. ಆಮೇಲೆ ಕ್ಯಾಸೆಟ್ಟುಗಳನ್ನು ತಮ್ಮ ಹಳದಿ ಸ್ಕೂಟರಿಗೆ ಹೇರಿಕೊಂಡು ಗೋವಾದ ಅಂಗಡಿ ಅಂಗಡಿಗೆ ಹಾಕಿ ಬಂದವರೂ ಅವರೇ.